ಹುಳದ ಮನೆಯ ಪೌಡರ್

ನಮ್ಮಮ್ಮ ಅಕ್ಕಯಮ್ಮನಿಗೆ ಹುಟ್ಟಿದ ಮಕ್ಕಳು ಇಬ್ಬರು, ನಾನು ಮತ್ತು ನಮ್ಮಣ್ಣ ಕದಿರೇಶ. ಆದರೆ ಅವಳು ಪ್ರೀತಿಯಿಂದ ಸಾಕಿದ್ದು ರೇಷ್ಮೆ ಹುಳಗಳನ್ನು. ಇದನ್ನು ನಾನು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ. ನನಗೆ ಜ್ವರ ಬಂದರೆ "ಕಷಾಯ ಕುಡ್ದು ಮಲಕ್ಕೋ" ಎಂದು ಗೋಡೆಯಾಚೆಯಿಂದಲೇ ಹೇಳುತ್ತಿದ್ದಳು. ಹುಳ ಜ್ವರಕ್ಕೆ ಕೂತರೆ ಮಾತ್ರ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಹುಳದ ಜ್ವರ ಕಾಯಿಲೆಯೇನಲ್ಲ. ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲ್ಲಾಡದೆ ನಿದ್ದೆ ಮಾಡುವುದನ್ನೇ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅಂಥ ನಾಲ್ಕು ಜ್ವರ ದಾಟಿದ ಮೇಲೆ ಹುಳ ಹಣ್ಣಾಗಿ ಗೂಡು ಕಟ್ಟುತ್ತದೆ.

ಗೌನಿಪಲ್ಲಿಯಲ್ಲಿ ಬಸ್ಸಿಳಿದು ಒಳಕ್ಕೆ ನಡೆಯಬೇಕಾದ ಊರು ನಮ್ಮದು. ಎಂಬತ್ತರ ಆಸುಪಾಸಿನಲ್ಲಿ ಅಲ್ಲಿ ಹಿಪ್ಪುನೇರಳೆ ಬೆಳೆಯದವರೇ ಇರಲಿಲ್ಲ. ಹುಳಕ್ಕೆ ವಾಸನೆ ಆಗಿಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯವೇ, ಆದರೆ ಅಮ್ಮನಷ್ಟು ಅತಿರೇಕಕ್ಕೆ ಯಾರೂ ಹೋಗಿರಲಿಲ್ಲ. ಹುಳ ಮನೆಯಲ್ಲಿರುವಷ್ಟು ದಿನ ಒಗ್ಗರಣೆ ಇಲ್ಲ, ಮಲ್ಲಿಗೆ ಇಲ್ಲ, ಘಮ್ಮೆನ್ನುವ ಸೋಪಿಲ್ಲ. ಅಪ್ಪ ಬೀಡಿ ಸೇದಬೇಕೆಂದರೆ ಮಾವಿನ ತೋಪಿಗೆ ಹೋಗಬೇಕಿತ್ತು, ಹೋದವನು ಬೇಗ ಬರುತ್ತಲೂ ಇರಲಿಲ್ಲ. ನೆಂಟರು ಬಂದರೆ ಅಮ್ಮ ಮೊದಲು ಮೂಸಿ ನೋಡಿ ಆಮೇಲೆ "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದಳು.

ಇಂಥ ಮನೆಗೆ ನಮ್ಮಣ್ಣನ ಹೆಂಡತಿಯಾಗಿ ಶ್ಯಾಮಲಮ್ಮ ಬಂದಳು. ಮಾಲೂರು ತಾಲೂಕಿನ ಶಿವಾರಪಟ್ಟಣದವಳು. ನನ್ನ ಈ ಅತ್ತಿಗೆಗೆ ಇದ್ದ ಹುಚ್ಚು ಒಂದೇ, ಮುಖಕ್ಕೆ ಹಚ್ಚುವುದು. ತನ್ನ ಮುಖಕ್ಕೆ ಮಾತ್ರವಲ್ಲ, ಕೈಗೆ ಸಿಕ್ಕಿದ ಮುಖಕ್ಕೆಲ್ಲ. ಪೇಟೆಯ ಸ್ನೋ, ಪೌಡರ್, ಲಿಪ್‌ಸ್ಟಿಕ್ ಬೇಕೆಂದಾಗಲೆಲ್ಲ ಕೊಳ್ಳುವಷ್ಟು ಅನುಕೂಲ ಅವಳ ತವರಿನಲ್ಲಿ ಇರಲಿಲ್ಲ. ಹಾಗಾಗಿ ಅದೇ ಬಣ್ಣ, ಅದೇ ನುಣುಪು ಇನ್ಯಾವುದರಲ್ಲಿ ಸಿಗುತ್ತದೆಂದು ಹುಡುಕುವುದೇ ಅವಳ ಆಟವಾಗಿತ್ತು. ಬೇರೆ ಹೆಂಗಸರು ಬಿಡುವಾದರೆ ಕಸೂತಿ ಹಾಕುತ್ತಿದ್ದರು, ಇವಳು ಹಿತ್ತಲಿಗೆ ಹೋಗಿ ಕಂಡದ್ದನ್ನೆಲ್ಲ ಕಿತ್ತು ಅರೆಯುತ್ತಿದ್ದಳು. ಮದುವೆಯಲ್ಲಿ ತಂದ ತಗಡಿನ ಪೆಟ್ಟಿಗೆಯಲ್ಲಿ ಸೀರೆ ಕಡಿಮೆ, ಡಬ್ಬಿಗಳೇ ಜಾಸ್ತಿ. ಹರಳೆಣ್ಣೆ ದೀಪದ ಕಾಡಿಗೆ, ಹಣೆಗಿಡಲು ಸಬ್ಬಕ್ಕಿ ಹುರಿದು ಮಾಡಿದ ಸಾದು, ಉಗುರಿಗೆ ಬಸಳೆ ಹಣ್ಣಿನ ರಸ, ಹುಬ್ಬಿಗೆ ತೆಂಗಿನ ಚಿಪ್ಪಿನ ಮಸಿ. ಕೊಂಡ ವಸ್ತು ಒಂದೇ ಒಂದು, ಮದುವೆಗೆಂದು ತಂದ ಪೌಡರ್ ಡಬ್ಬಿ.

ಬಂದ ಹೊಸದರಲ್ಲಿ ಆ ಪೌಡರ್ ಹಾಕಿಕೊಂಡೇ ಹುಳ ಸಾಕುವ ಕೋಣೆಗೆ, ಅಂದರೆ ಹುಳದ ಮನೆಗೆ ಕಾಲಿಟ್ಟಳು. ಅಮ್ಮನಿಗೆ ಕೋಪ ಬಂದರೆ ಕನ್ನಡ ನಿಂತು ತೆಲುಗು ಶುರುವಾಗುತ್ತಿತ್ತು.

"ಏಮಿಟೇ ಈ ವಾಸನ!" ಎಂದು ಕಿರುಚಿ, ಡಬ್ಬಿಯನ್ನು ಹುಡುಕಿ ತೆಗೆದು ತಿಪ್ಪೆಗೆ ಎಸೆದಳು. ಉಸಿರು ಹದಕ್ಕೆ ಬಂದ ಮೇಲೆ ಕನ್ನಡದಲ್ಲಿ ತೀರ್ಪು ಕೊಟ್ಟಳು. "ನೋಡಮ್ಮ, ಇನ್ನೊಂದ್ ಸಲ ನಿನ್ನಿಂದ ನನ್ ಹುಳಕ್ಕೆ ಏನಾದ್ರೂ ಆದ್ರೆ ಆ ಪೆಟ್ಟಿಗೆ ಪೂರ್ತಿ ತಿಪ್ಪೆಗೆ ಹೋಗ್ತದೆ. ಆಮೇಲೆ ಈ ಮನೇಲಿ ಅರೆಯೋದು, ಹಚ್ಚೋದು, ಯಾವ್ದೂ ಇಲ್ಲ."

ಅತ್ತಿಗೆ ಅಳಲಿಲ್ಲ. ಹಿತ್ತಲಲ್ಲಿ ನನ್ನನ್ನು ಕೂರಿಸಿಕೊಂಡು ಯೋಚನೆ ಮಾಡಿ ಹೇಳಿದಳು. "ಅತ್ತಮ್ಮಂಗೆ ಪೌಡರ್ ಮೇಲೆ ಕೋಪ ಇಲ್ಲ ಕಣೇ ಆದಿ, ವಾಸನೆ ಮೇಲೆ ಕೋಪ. ವಾಸನೆ ಇಲ್ದಿರೋ ಪೌಡರ್ ಮಾಡಿದ್ರಾಯ್ತು."

ಮಾಡಿದ್ದನ್ನೆಲ್ಲ ಹಚ್ಚಿ ನೋಡಿದ್ದು ನನಗೆ. ಆದಿಲಕ್ಷ್ಮಿಯ ಮುಖ ಅಗಲ, ಜಾಗ ಜಾಸ್ತಿ ಎನ್ನುವುದು ಅವಳು ಕೊಟ್ಟ ಕಾರಣ. ಮೊದಲು ಅಕ್ಕಿ ಹಿಟ್ಟು. ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡೆ. ಸೊಪ್ಪಿನ ಹೊರೆ ಹೊತ್ತು ಬಿಸಿಲಲ್ಲಿ ಬರುವಷ್ಟರಲ್ಲಿ ಅದು ಬೆವರಿಗೆ ಕಲಸಿಕೊಂಡು ಗದ್ದದ ಮೇಲೆ ಕಡುಬು ಕಟ್ಟಿತ್ತು. ಸುಸ್ತಾಗಿ ಜಗಲಿಯ ಮೇಲೆ ಕೂತರೆ ನಮ್ಮ ಹುಂಜ ತೊಡೆ ಹತ್ತಿ ಕೆನ್ನೆಗೇ ಕೊಕ್ಕು ಹಾಕಿತು. ರಾಗಿ ಹಿಟ್ಟು ಮೊಸರಲ್ಲಿ ಕಲಸಿ ಹಚ್ಚಿದ ದಿನ ಅದು ಒಣಗಿ ಬಿಗಿದು, ಊಟಕ್ಕೆ ಬಾಯಿ ತೆರೆಯಲಾಗದೆ ಗಂಜಿ ಹೀರಿದೆ. ವಿಭೂತಿ ಬಳಿದ ದಿನ ಪಕ್ಕದ ಮನೆಯ ರಾಮಲಕ್ಷ್ಮಮ್ಮ ನನ್ನ ಮೈಮೇಲೆ ದೇವರು ಬಂದಿದೆಯೆಂದು ತಿಳಿದು, ಕೈಮುಗಿದು, ಕಳೆದುಹೋದ ಮೇಕೆ ಎಲ್ಲಿದೆಯೆಂದು ಕೇಳಿದಳು. ಗೊತ್ತಿಲ್ಲ ಎಂದದ್ದಕ್ಕೆ ಬೇಜಾರೂ ಮಾಡಿಕೊಂಡಳು.

ಹಿಪ್ಪುನೇರಳೆ ಹಣ್ಣಿನ ಲಿಪ್‌ಸ್ಟಿಕ್ಕಿನ ಕತೆ ಇನ್ನೂ ಕೆಟ್ಟದ್ದು. ಸ್ಕೂಲಿನಲ್ಲಿ ಮೇಷ್ಟ್ರು ನನ್ನ ನೀಲಿ ತುಟಿ ನೋಡಿ ಹಾವು ಮುಟ್ಟಿದೆಯೆಂದು ಗಾಬರಿಯಾಗಿ, ನನ್ನನ್ನು ಬೆಂಚಿನ ಮೇಲೆ ಮಲಗಿಸಿ, ಹುಡುಗಿಯರಿಂದ ಕಾಲೆಲ್ಲ ಹುಡುಕಿಸಿದರು. ಎಷ್ಟು ತಿಕ್ಕಿದರೂ ಆ ಬಣ್ಣ ಹೋಗಲಿಲ್ಲ. ಅತ್ತಿಗೆ ಅದನ್ನೇ ದೊಡ್ಡ ಗೆಲುವೆಂದು ಹೇಳಿಕೊಂಡು ತಿರುಗಿದಳು.

ಇಷ್ಟಾದರೂ ನಾನು ಮುಖ ಕೊಡುವುದನ್ನು ನಿಲ್ಲಿಸಲಿಲ್ಲ. ಆ ಮನೆಯಲ್ಲಿ ನನ್ನ ಮುಖವನ್ನು ಅಷ್ಟು ಹೊತ್ತು ಕೂತು ನೋಡಿದವರು ಬೇರೆ ಯಾರೂ ಇರಲಿಲ್ಲ. ಅತ್ತಿಗೆ ಎಂದರೆ ನನಗೆ ಪ್ರಾಣವಾಗಿಬಿಟ್ಟಿದ್ದಳು.

ಆ ಸಲ ತವರಿಗೆ ಹೋದವಳು ಬರುವಾಗ ಒಂದು ಗಂಟು ಹೊತ್ತುಕೊಂಡು ಬಂದಳು. ಮುಖದಲ್ಲಿ ಕಳೆಯೋ ಕಳೆ. ಅವಳ ಸೋದರಮಾವ ಸೊಣ್ಣಪ್ಪ ಶಿವಾರಪಟ್ಟಣದಲ್ಲಿ ದೇವರ ಮೂರ್ತಿ ಕೆತ್ತುವವನು. ಅವನು ಕೆತ್ತುವುದು ಬಳಪದಂಥ ಮೆತ್ತನೆಯ ಕಲ್ಲು, ಉಳಿ ಆಡಿದಲ್ಲೆಲ್ಲ ಬಿಳಿ ಪುಡಿ ಉದುರುತ್ತದೆ. ಆ ಪುಡಿಯಲ್ಲೇ ಆಡಿ ಬೆಳೆದ ಅತ್ತಿಗೆ ಅದನ್ನು ಬೆರಳಲ್ಲಿ ಉಜ್ಜಿ ನೋಡಿದ್ದು ಮಾತ್ರ ಈಗಲೇ. ಪೇಟೆ ಪೌಡರಿನದೇ ಜಾರು. ನೀರಲ್ಲಿ ಕಲಕಿ, ತಳಕ್ಕೆ ಕೂತ ತರಿಯನ್ನು ಬಿಟ್ಟು ಮೇಲಿನದನ್ನು ಬಸಿದು, ಒಣಗಿಸಿ, ಪಂಚೆ ಬಟ್ಟೆಯಲ್ಲಿ ಜರಡಿ ಹಿಡಿದು ನನ್ನ ಕೆನ್ನೆಗೆ ಹಚ್ಚಿದಳು.

"ದೇವರ ಮೈಯಿಂದ ಉದುರಿದ್ದು ಕಣೇ. ಯಾವ ಅಂಗಡೀಲಿ ಸಿಗ್ತದೆ ಹೇಳು?"

ಬೆವರಿದರೂ ಗಟ್ಟಿಯಾಗಲಿಲ್ಲ. ಹುಂಜ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ವಾಸನೆಯಂತೂ ಇಲ್ಲವೇ ಇಲ್ಲ. ಅಮ್ಮ ಎದುರಿಗೆ ಬಂದು ಮೂಸಿ ನೋಡಿ, "ಏನ್ ಇವತ್ತು ಮುಖ ನೆಟ್ಟಗೆ ತೊಳ್ದಿದೀಯ?" ಎಂದಳು. ಅಮ್ಮನ ಬಾಯಿಂದ ನನ್ನ ರೂಪದ ಬಗ್ಗೆ ಬಂದ ಮೊದಲ ಒಳ್ಳೆಯ ಮಾತದು. ನಾನು ಆ ದಿನವೆಲ್ಲ ಕನ್ನಡಿ ಬಿಟ್ಟು ಅಲ್ಲಾಡಲಿಲ್ಲ.

ಪೌಡರ್ ಏನೋ ಆಯಿತು, ಬಚ್ಚಿಡುವುದೆಲ್ಲಿ? ಅಮ್ಮ ಪೆಟ್ಟಿಗೆಯನ್ನೂ ಅಡುಗೆಮನೆಯನ್ನೂ ಹುಲ್ಲಿನ ಬಣವೆಯನ್ನೂ ಆಗಾಗ ತಡಕುತ್ತಿದ್ದಳು. ಅವಳು ಎಂದಿಗೂ ಹುಡುಕದ ಜಾಗ ಒಂದೇ, ಹುಳದ ಮನೆ. ಅಲ್ಲಿ ಪೌಡರ್ ಇಡುವಷ್ಟು ಧೈರ್ಯ ಯಾರಿಗಿರುತ್ತದೆ ಎಂದು ಅವಳ ನಂಬಿಕೆ. ಅತ್ತಿಗೆ ತನ್ನ ಪುಡಿಯನ್ನು ಹಳೆಯ ಹಾಲಿನ ಪುಡಿ ಡಬ್ಬಕ್ಕೆ ತುಂಬಿ, ಹುಳ ಮೇಯುವ ಬಿದಿರಿನ ತಟ್ಟೆಗಳ ಹಿಂದಿನ ಗೋಡೆಗೂಡಿನಲ್ಲಿ ಇಟ್ಟಳು. ಅದರ ಪಕ್ಕದಲ್ಲಿ ಅಮ್ಮನ ಸುಣ್ಣದ ಪುಡಿಯ ಡಬ್ಬ ಇತ್ತು. ಅದೂ ಹಾಲಿನ ಪುಡಿ ಡಬ್ಬವೇ. ಜಾಣೆ ಅಂದರೆ ಜಾಣೆ ನಮ್ಮ ಅತ್ತಿಗೆ, ಆದರೆ ಆ ಜಾಣತನಕ್ಕೆ ಒಂದು ಚೂರು ಬುದ್ಧಿ ಬೆರೆಸುವುದನ್ನು ಮರೆತಿದ್ದಳು.

ಹುಳ ಜ್ವರಕ್ಕೆ ಕೂತಾಗ ಹಾಸಿಗೆ ಒದ್ದೆಯಾಗದಿರಲೆಂದು ಮೇಲೆ ಸುಣ್ಣದ ಪುಡಿ ಉದುರಿಸುವುದು ರೂಢಿ. ಆ ಬೆಳೆಯಲ್ಲಿ ನಾಲ್ಕನೇ ಜ್ವರದ ಬೆಳಿಗ್ಗೆ ನಾನೂ ಅತ್ತಿಗೆಯೂ ತಂಪಿಗೆಂದು ಬಾಗಿಲಿಗೆ ಇಳಿಬಿಟ್ಟಿದ್ದ ಗೋಣಿ ಪರದೆಗೆ ನೀರು ಚಿಮುಕಿಸಲು ಹೋದೆವು. ಒಳಗೆ ಮಬ್ಬುಗತ್ತಲು. ಅಮ್ಮ ತೆಳು ಬಟ್ಟೆಯ ಗಂಟೊಂದನ್ನು ತಟ್ಟೆಯಿಂದ ತಟ್ಟೆಗೆ ತಟ್ಟುತ್ತಾ ಬರುತ್ತಿದ್ದಳು. ಕೊನೆಯ ತಟ್ಟೆಯೂ ಮುಗಿದಿತ್ತು.

"ಈ ಸಲದ ಸುಣ್ಣ ಎಷ್ಟು ನೈಸಾಗಿದೆ ನೋಡೇ" ಎಂದಳು ಅಮ್ಮ, ಬಹಳ ಸಂತೋಷದಿಂದ.

ನಾನೂ ಅತ್ತಿಗೆಯೂ ಒಟ್ಟಿಗೆ ಗೋಡೆಗೂಡಿನ ಕಡೆ ನೋಡಿದೆವು. ಸುಣ್ಣದ ಡಬ್ಬ ಮುಚ್ಚಿದ ಹಾಗೇ ಇತ್ತು. ತೆರೆದಿದ್ದದ್ದು ಅತ್ತಿಗೆಯದು.

ಬಾಯಿ ಬಿಡಬೇಡ ಎಂದು ನಾನು ಅವಳ ಮೊಣಕೈ ಚಿವುಟಿದೆ. ಹುಳ ಎದ್ದರೆ ಯಾರಿಗೂ ತಿಳಿಯುವುದಿಲ್ಲ, ಏಳದಿದ್ದರೆ ಸುಣ್ಣವನ್ನು ಬೈದುಕೊಂಡರಾಯಿತು. ಅತ್ತಿಗೆ ಮಾತ್ರ ಬೆಳ್ಳಗೆ ಮಲಗಿದ್ದ ಹುಳಗಳನ್ನೇ ನೋಡುತ್ತಾ ನಿಂತಳು.

"ಅತ್ತಮ್ಮ, ಅದು ಸುಣ್ಣ ಅಲ್ಲ. ನನ್ ಪೌಡರು."

"ಎಂಥ ಪನಿ ಚೇಸಿನಾವೇ!", ಎಂಥ ಕೆಲಸ ಮಾಡಿದೆಯೇ, ಎಂದು ಶುರುವಾದ ತೆಲುಗು ಸಾಕಷ್ಟು ಹೊತ್ತು ನಡೆಯಿತು. ಅದೂ ಪಿಸುಮಾತಿನಲ್ಲಿ, ಮಲಗಿದ ಹುಳ ಎಚ್ಚರವಾಗಬಾರದಲ್ಲ. ಪಿಸುಗುಟ್ಟಿ ಬೈಯುವುದು ಎಷ್ಟು ಕಷ್ಟವೆಂದು ಆವತ್ತೇ ನನಗೆ ಗೊತ್ತಾದದ್ದು. ಪುಡಿಯನ್ನು ಒರೆಸೋಣವೆಂದರೆ ಜ್ವರದಲ್ಲಿರುವ ಹುಳವನ್ನು ಮುಟ್ಟುವಂತಿಲ್ಲ. ಕಾಯದೆ ಬೇರೆ ದಾರಿ ಇರಲಿಲ್ಲ. ಕೊನೆಗೆ ಅಮ್ಮ ಕನ್ನಡಕ್ಕೆ ಬಂದು, "ಎದ್ರೆ ಸರಿ. ಏಳ್ದೇ ಇದ್ರೆ ನಿನ್ ಪೆಟ್ಟಿಗೆ ಕತೆ ಮುಗೀತು" ಎಂದಳು.

ಅಮ್ಮ ತಟ್ಟೆಗಳ ಪಕ್ಕ ಮಣೆ ಹಾಕಿಕೊಂಡು ಕೂತಳು. ಅತ್ತಿಗೆ ತಾನೇ ಪೆಟ್ಟಿಗೆಯನ್ನು ಎಳೆದು ತಂದು, ತಿಪ್ಪೆಗೆ ಹತ್ತಿರವಾಗಲೆಂದು ಹಿತ್ತಲ ಬಾಗಿಲಲ್ಲಿಟ್ಟು ಅದರ ಮೇಲೆ ಕೂತಳು. ಅಣ್ಣ ಹೊಲದಿಂದ ಬಂದು "ಮುದ್ದೆ ಆಯ್ತಾ?" ಎಂದು ಕೇಳಿ, ಒಳಗಿನಿಂದ ಒಂದು ಹೊರಗಿನಿಂದ ಒಂದು ಬೈಗುಳ ತಿಂದು, ಅಪ್ಪನನ್ನು ಹುಡುಕಿಕೊಂಡು ತೋಪಿಗೆ ಹೋದ. ರಾಮಲಕ್ಷ್ಮಮ್ಮ ಸುದ್ದಿ ತಿಳಿದು ಬಂದು ಇಣುಕಿ, "ಅಯ್ಯೋ, ಎಲ್ಲಾ ಮದುವಣಗಿತ್ತೀರ ಥರ ಕಾಣ್ತವಲ್ಲೇ ಅಕ್ಕಯಮ್ಮ!" ಎಂದಳು. ಅಮ್ಮ ನೋಡಿದ ನೋಟಕ್ಕೆ ಬಂದ ದಾರಿಯಲ್ಲೇ ಹೊರಟುಹೋದಳು. ಪೆಟ್ಟಿಗೆ ತಿಪ್ಪೆಗೆ ಹೋದರೆ ಅತ್ತಿಗೆ ಈ ಮನೆಯಲ್ಲಿ ಬರೀ ಪಾತ್ರೆ ತೊಳೆಯುವ ಸೊಸೆಯಾಗಿ ಉಳಿಯುತ್ತಾಳೆಂದು ನನಗೆ ಅಳುವೇ ಬರುತ್ತಿತ್ತು.

ಮಾರನೆಯ ದಿನ ಊಟದ ಹೊತ್ತಿಗೆ ಅಮ್ಮನ ಕೂಗು ಕೇಳಿಸಿತು. "ಆದೀ! ಸೊಪ್ಪು ತಾರೇ, ಸೊಪ್ಪು!"

ಓಡಿಹೋಗಿ ನೋಡಿದರೆ ಮೊದಲ ತಟ್ಟೆಯಲ್ಲಿ ಹುಳಗಳು ಪೊರೆ ಕಳಚಿ, ಪೌಡರಿನಿಂದ ಆಚೆ ಬಂದು, ಹಸಿದು ತಲೆ ಆಡಿಸುತ್ತಿದ್ದವು. ಆಮೇಲೆ ಎರಡನೆಯ ತಟ್ಟೆ, ಮೂರನೆಯದು. ಒಂದೂ ಹೋಗಿರಲಿಲ್ಲ. ಸೊಪ್ಪು ಹಾಕಿದ್ದೇ ತಡ ಚರಚರ ಮೇಯತೊಡಗಿದವು. ಅತ್ತಿಗೆ ಪೆಟ್ಟಿಗೆಯಿಂದ ಇಳಿದು ಅದನ್ನು ತಿರುಗಿ ಒಳಕ್ಕೆ ಎಳೆದುಕೊಂಡು ಹೋದಳು. ಅಮ್ಮ ಅದನ್ನು ಕಂಡೂ ಕಾಣದವಳ ಹಾಗೆ ಇದ್ದಳು.

ಆ ಸಲದ ಗೂಡು ಕೋಲಾರದ ಮಾರುಕಟ್ಟೆಯಲ್ಲಿ ನಾಲ್ಕು ಜನ ಕೈಗೆತ್ತಿಕೊಂಡು ಹೊಗಳುವ ಹಾಗೆ ಬಂತು. ಹುಳ ಅಲ್ಲಾಡದೆ ಮಲಗಿದ್ದಕ್ಕೋ, ಸೊಪ್ಪು ಚೆನ್ನಾಗಿದ್ದಕ್ಕೋ ಯಾರಿಗೆ ಗೊತ್ತು. ಅಮ್ಮನಿಗೆ ಗೊತ್ತಿತ್ತು. ತಪ್ಪಾಯಿತು ಎನ್ನುವುದು ಅವಳಿಗೆ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ, ಹಾಗಾಗಿ ಬೇರೆ ಮಾತು ಹೇಳಿದಳು.

"ನನ್ ಹುಳಕ್ಕೆ ಈ ಪೌಡರೇ ಆಗಿಬರೋದು. ಸೊಣ್ಣಪ್ಪಂಗೆ ಹೇಳಿ ಒಂದ್ ಮೂಟೆ ತರ್ಸು."

ಮೂಟೆ ಬಂತು. ಅತ್ತಿಗೆ ಕೂತು ಕಲಕಿದಳು, ಬಸಿದಳು, ಜರಡಿ ಹಿಡಿದಳು. ಅಮ್ಮ ಅಷ್ಟನ್ನೂ ಡ್ರಮ್ಮಿಗೆ ತುಂಬಿಸಿ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅತ್ತಿಗೆ ಒಂದು ಹಿಡಿ ಕೇಳಿದ್ದಕ್ಕೆ, "ಹುಳಕ್ಕೆ ಹಾಕೋದನ್ನ ಮುಖಕ್ಕೆ ಬಳ್ಕೊಂಡು ಯಾಕ್ ದಂಡ ಮಾಡ್ತೀಯ?" ಎಂದಳು. ಡಬ್ಬಿಯನ್ನು ತಿಪ್ಪೆಗೆ ಎಸೆದಾಗಲೂ ಅಳದ ಅತ್ತಿಗೆ ಆವತ್ತು ಅತ್ತಳು. ಪೆಟ್ಟಿಗೆ ಉಳಿಯಿತು, ಆದರೆ ಅವಳು ಇಷ್ಟೆಲ್ಲ ಹುಡುಕಿ ಕಂಡುಕೊಂಡದ್ದು ಹುಳದ ಪಾಲಾಯಿತು. ನನಗೆ ಅಮ್ಮನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮುಂದಿನ ಬೆಳೆಯ ನಾಲ್ಕನೇ ಜ್ವರಕ್ಕೆ ಅಮ್ಮ ಗಂಟು ಬಿಟ್ಟು ಬರಿಗೈಯಲ್ಲೇ ಪೌಡರ್ ಉದುರಿಸಿದಳು, ಚಿಟಿಕೆ ಚಿಟಿಕೆಯಾಗಿ, ಒಂದು ಹುಳಕ್ಕೂ ಕಡಿಮೆಯಾಗದಂತೆ. ಅತ್ತಿಗೆ ಬೋಗುಣಿ ಹಿಡಿದು ಹಿಂದೆ ಹಿಂದೆ ನಡೆಯುತ್ತಿದ್ದಳು. ನನಗೆ ಹೇಳುವಂತೆ ಅವಳು ಮೆಲ್ಲಗೆ ಅಂದಳು. "ನಾನೂ ಹುಳ ಆಗಿ ಹುಟ್ಟಿದ್ರೆ ಅತ್ತಮ್ಮ ನಂಗೂ ಹಿಂಗೇ ಹಾಕ್ತಿದ್ರೇನೋ ಆದಿ."

ಅಮ್ಮನ ಕೈ ಒಂದು ಗಳಿಗೆ ನಿಂತಿತು. ಮತ್ತೆ ಉಳಿದ ತಟ್ಟೆಗಳನ್ನು ಮುಗಿಸಿದಳು. ಆಮೇಲೆ ಬೆಳ್ಳಗಾಗಿದ್ದ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

"ಬಾ ಇಲ್ಲಿ" ಎಂದಳು.

ಏಟು ಬೀಳುತ್ತದೆಂದು ಅತ್ತಿಗೆ ಕಣ್ಣು ಮುಚ್ಚಿಕೊಂಡು ಹೋಗಿ ನಿಂತಳು. ಅಮ್ಮ ಆ ಕೈಗಳನ್ನು ಅವಳ ಎರಡು ಕೆನ್ನೆಗಳಿಗೂ ಒರೆಸಿ, "ಕೈಲಿರೋದು ದಂಡ ಆಗ್ತದೆ, ಅದಕ್ಕೇ" ಎಂದಳು. ಒರೆಸಿ ಮುಗಿದರೂ ಕೈ ತೆಗೆಯಲಿಲ್ಲ. ಹಿಂದಕ್ಕೆ ಬಾಗಿ, ತಲೆ ಓರೆ ಮಾಡಿ, ಸೊಸೆಯ ಮುಖವನ್ನು ಆ ಮಬ್ಬಿನಲ್ಲಿ ನೋಡಿದಳು. ಸರಿಯಾಗಿ ಕಾಣಲಿಲ್ಲವೆಂದು ತೋರುತ್ತದೆ.

"ಆದಿ, ಆ ಗೋಣಿ ಪರದೆ ಒಂದ್ ಚೂರು ಸರಿಸೇ, ಬೆಳಕು ಬರ್ಲಿ."

ಹುಳ ಜ್ವರದಲ್ಲಿರುವಾಗ ಆ ಪರದೆ ಸರಿದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಸರಿಸಿದೆ. ಬಿಸಿಲು ನೇರವಾಗಿ ಅತ್ತಿಗೆಯ ಮುಖದ ಮೇಲೆ ಬಿತ್ತು. ಅವಳ ಕಣ್ಣಿನಿಂದ ನೀರು ಇಳಿದು ಪೌಡರಿನಲ್ಲಿ ಗೆರೆ ಕೊರೆಯುತ್ತಿತ್ತು.

"ಅಲ್ಲಾಡ್ಬೇಡ" ಎಂದು ಅಮ್ಮ ಗದರಿಸಿ, ಸೆರಗಿನ ತುದಿಯಿಂದ ಅದನ್ನು ಒತ್ತಿ, ಬೋಗುಣಿಗೆ ಮತ್ತೆ ಕೈ ಹಾಕಿದಳು. "ಮೂಗಿನ ಪಕ್ಕ ಬಿಟ್ಟೋಗಿದೆ."