ಸದಾಶಿವರ ಗೇಟಿನ ಬೀಟ್ ಪುಸ್ತಕ

ನೈರೋಬಿಯ ಲೊರೆಶೋ ಬಡಾವಣೆಯ ಕನ್ನಡ ಮನೆಗಳಲ್ಲಿ ಈ ಕತೆಯನ್ನು ಹೇಳುವವರು ಮನುಷ್ಯರಿಂದ ಆರಂಭಿಸುವುದಿಲ್ಲ, ಒಂದು ತಗಡಿನ ಡಬ್ಬಿಯಿಂದ ಆರಂಭಿಸುತ್ತಾರೆ. ಡಬ್ಬಿ ಹಸಿರು ಬಣ್ಣದ್ದೆಂದು ಕೆಲವರು, ಬೂದು ಬಣ್ಣದ್ದೆಂದು ಕೆಲವರು. ಅದು ಸದಾಶಿವರ ಗೇಟಿನ ಬಲಗಂಬದಲ್ಲಿ, ಎದೆಯೆತ್ತರಕ್ಕೆ ತೂಗುತ್ತಿತ್ತು ಎಂಬುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು.

ಸದಾಶಿವರು ಮೈಸೂರಿನವರು, ನೈರೋಬಿಯ ಔಷಧ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥರು. ಅವರ ಸೋದರಮಾವ ಮೈಸೂರಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿದ್ದವರು. ಗಸ್ತಿನ ಪೊಲೀಸನು ಬೀದಿಯ ಕೊನೆಯ ಮನೆಯವರೆಗೂ ನಡೆದು, ಅಲ್ಲಿ ತೂಗುಹಾಕಿದ ಬೀಟ್ ಪುಸ್ತಕದಲ್ಲಿ ವೇಳೆ ಬರೆದು ಸಹಿ ಹಾಕಿದರೇ ಗಸ್ತು ಪೂರ್ಣವಾದಂತೆ ಎಂಬ ಪಾಠ ಆ ಮಾವನಿಂದ ಬಂದದ್ದು. ಒಂಬತ್ತು ವರ್ಷಗಳ ಹಿಂದೆ ನಗರದ ಕೌಂಟಿ ಸರ್ಕಾರವು ಗಸ್ತಿನ ಜೀಪಿಗೆ ಇಂಧನದ ಖರ್ಚು ಕೊಡಲು ಒಪ್ಪಿದಾಗ, ಜೀಪು ನಿಜವಾಗಿ ಬರುತ್ತದೆಯೇ ಎಂದು ನೋಡುವವರು ಯಾರು ಎಂಬ ಪ್ರಶ್ನೆ ಎದ್ದಿತು. ಸದಾಶಿವರು ತಾವೇ ಒಂದು ಡಬ್ಬಿ ಮಾಡಿಸಿ, ಉದ್ದನೆಯ ಪುಸ್ತಕವೊಂದನ್ನು ಅದರೊಳಗಿಟ್ಟು ಗೇಟಿಗೆ ನೇತುಹಾಕಿದರು. ಅವರ ಮನೆ ಇಳಿಜಾರು ರಸ್ತೆಯ ಕೆಳತುದಿಯಲ್ಲಿತ್ತು. ಅದರಾಚೆ ಮಟಾಟು ಎಂಬ ಬಾಡಿಗೆ ವ್ಯಾನುಗಳ ನಿಲ್ದಾಣಕ್ಕೆ ಹೋಗುವ ಕಾಲುದಾರಿ. ಮನೆಗೆಲಸದವರು, ಮಾಲಿಗಳು, ಕಾವಲುಗಾರರು ಓಡಾಡುವ ದಾರಿ. ಸಹಿಗಾಗಿ ಜೀಪು ಇಡೀ ರಸ್ತೆ ಇಳಿದು ಆ ದಾರಿಯ ಬಾಯಿಗೇ ಬರಬೇಕಾಗುತ್ತಿತ್ತು.

ಒಂಬತ್ತು ವರ್ಷ ಜೀಪು ಬಂದಿತು. ಸಂಜೆ ಐದು ಗಂಟೆಯ ಆಸುಪಾಸಿಗೆ ಕಾನ್‌ಸ್ಟೆಬಲ್ ಮೆಲ್ವಿನ್ ಇಳಿದು, ಸಹಿ ಹಾಕಿ, ವರಾಂಡದಲ್ಲಿದ್ದ ಸದಾಶಿವರತ್ತ ಕೈಯೆತ್ತಿ "ಸವಾ, ಮ್ಜೀ?" ಎನ್ನುತ್ತಿದ್ದನು. ಸವಾ ಎಂದರೆ ಎಲ್ಲ ಸರಿಯೇ ಎಂದು; ಮ್ಜೀ ಎಂದರೆ ಆ ಊರಿನಲ್ಲಿ ಹಿರಿಯರು, ಯಜಮಾನರು. ಆ ಒಂದು ಪದಕ್ಕಾಗಿ ಸದಾಶಿವರು ಕಾರ್ಖಾನೆಯಿಂದ ಬೇಗ ಹೊರಡುತ್ತಿದ್ದರೆಂದು ಅವರ ಪತ್ನಿ ಚಂಪಾ ಹೇಳುತ್ತಿದ್ದರು.

ಹೀಗಿರುವಾಗ, ಪೊಲೀಸರ ಕೆಲಸವನ್ನೂ ಸುರಕ್ಷತೆಯ ಹಣವನ್ನೂ ಪರಿಶೀಲಿಸಲು ಕೌಂಟಿಯು ಒಂದು ಸಮಿತಿ ಮಾಡಿತು. ಪ್ರತಿ ಬಡಾವಣೆಯಿಂದ ಒಬ್ಬ ನಿವಾಸಿಯನ್ನು ಅದಕ್ಕೆ ತೆಗೆದುಕೊಳ್ಳಬೇಕಿತ್ತು. ಆದರೆ ನಿಯಮವೊಂದಿತ್ತು: ಆ ನಿವಾಸಿ ದೇಶದ ಪ್ರಜೆಯಾಗಿರಬೇಕು. ಸದಾಶಿವರು ಇಪ್ಪತ್ತೆರಡು ವರ್ಷಗಳಿಂದ ಕೆಲಸದ ಪರವಾನಗಿಯನ್ನು ನವೀಕರಿಸುತ್ತ ಬಂದವರು. ರಸ್ತೆಯ ಮೇಲ್ತುದಿಯ ಪುರುಷೋತ್ತಮರು, ಬೆಂಗಳೂರಿನಿಂದ ಬಂದು ಬ್ಯಾಂಕೊಂದರ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದವರು, ಮೂರು ವರ್ಷಗಳ ಹಿಂದೆ ಇಲ್ಲಿಯ ಪ್ರಜೆಯಾಗಿದ್ದರು. "ಏನ್ರೀ ಪುರುಷೋತ್ತಮ್, ಇನ್ಮೇಲೆ ಬಸವನಗುಡಿಗೆ ಹೋಗಕ್ಕೂ ನಿಮಗೆ ವೀಸಾ ಬೇಕಲ್ಲ," ಎಂದು ಅಂದು ಎಲ್ಲರೆದುರು ಸದಾಶಿವರು ನಗೆಯಾಡಿದ್ದರು. ಈಗ ಸಮಿತಿಗೆ ಆರಿಸಿದ ಕೌಂಟಿಯ ಪತ್ರ ಮೇಲ್ತುದಿಯ ಮನೆಗೆ ಬಂದಿತು.

ಅಭಿನಂದಿಸಿ ಮನೆಗೆ ಮರಳಿದ ಗಂಡನನ್ನು ಚಂಪಾ ಬಾಗಿಲಲ್ಲೇ ನೋಡಿದರು.

"ಮುಖ ಯಾಕ್ರೀ ಹಾಗಲಕಾಯಿ ತಿಂದೋರ ಥರ ಇದೆ?"

"ಏನಿಲ್ಲ. ಕಾಂಗ್ರಾಟ್ಸ್ ಹೇಳಿ ಬಂದೆ."

"ಹೇಳಿ ಬಂದ್ರೋ, ಉಗುಳಿ ಬಂದ್ರೋ?"

ಸದಾಶಿವರು ಚಪ್ಪಲಿ ಕಳಚಿ ಒಳಗೆ ಹೋದರು. ಅವರಿಗೆ ಪುರುಷೋತ್ತಮರ ಮೇಲೆ ದ್ವೇಷವಿರಲಿಲ್ಲ. ಸಹಿಸಲಾಗದಿದ್ದದ್ದು ಬೇರೆ. ಒಂಬತ್ತು ವರ್ಷ ತಾವು ಗಂಟೆ ನೋಡಿ ಕಾದಿದ್ದ ಕೆಲಸಕ್ಕೆ, ಒಂದು ದಿನವೂ ಕಾಯದಿದ್ದ ಮನುಷ್ಯನ ಹೆಸರು ಅಂಟಿಕೊಂಡಿತ್ತು. ಅದೂ ಕೇಳದೆಯೇ, ಅಂಚೆಯಲ್ಲಿ ಬಂದು.

ಮಾರನೆಯ ವಾರ ಪುರುಷೋತ್ತಮರು ತಮ್ಮ ಗೇಟಿಗೂ ಒಂದು ಡಬ್ಬಿ ಹಾಕಿಸಿದರು. ಅದು ಸ್ಟೀಲಿನದು, ಹೊಳೆಯುವಂಥದ್ದು, ಮಳೆ ತಾಗದಂತೆ ಮೇಲೊಂದು ಪುಟ್ಟ ಸೂರು ಬೇರೆ.

"ಸರ್, ನಿಮ್ಮದೇ ಐಡಿಯಾ, ನಾನು ಕಾಪಿ ಹೊಡೆದಿದ್ದು," ಎಂದರು ಪುರುಷೋತ್ತಮರು. "ಎರಡು ಪಾಯಿಂಟಲ್ಲಿ ರೆಕಾರ್ಡ್ ಇದ್ರೆ ಕಮಿಟಿ ಮುಂದೆ ಸ್ಟ್ರಾಂಗ್ ಇರತ್ತೆ ಅಲ್ವಾ?"

"ಇರತ್ತೆ, ಇರತ್ತೆ," ಎಂದರು ಸದಾಶಿವರು. ಆ ಸೂರನ್ನು ತಾವು ಒಂಬತ್ತು ವರ್ಷದಲ್ಲಿ ಯೋಚಿಸಲಿಲ್ಲವಲ್ಲ ಎಂಬುದು ಅವರನ್ನು ರಾತ್ರಿಯೂಟದವರೆಗೂ ಕೊರೆಯಿತು.

ಮಾರ್ಚ್ ಕೊನೆಯಲ್ಲಿ ಶುರುವಾದ ಮಳೆ ಏಪ್ರಿಲ್‌ನಲ್ಲಿ ಬಲವಾಗಿ ಹಿಡಿಯಿತು. ಜೀಪು ಮೇಲ್ತುದಿಗೆ ಬಂದು, ಸ್ಟೀಲ್ ಡಬ್ಬಿಯಲ್ಲಿ ಸಹಿ ಹಾಕಿ, ಅಲ್ಲಿಂದಲೇ ಹಿಂದಿರುಗತೊಡಗಿತು. ಪುರುಷೋತ್ತಮರ ಪತ್ನಿ ಭಾನುಮತಿಯವರು ನೆನೆದು ಬಂದ ಪೊಲೀಸರಿಗೆ ಬಿಸಿ ಟೀ, ಕೋಡುಬಳೆ ಕೊಡುತ್ತಿದ್ದರು. ಸದಾಶಿವರು ಕೊಡೆ ಹಿಡಿದು ವಾಕಿಂಗ್ ನೆಪದಲ್ಲಿ ರಸ್ತೆ ಹತ್ತುವರು, ಮೆಲ್ವಿನ್ ಆ ಗೇಟಿಗೆ ಮೊಣಕೈಯೂರಿ ಕೋಡುಬಳೆ ಮುರಿಯುವುದನ್ನು ನೋಡುವರು, ಅವನು ಪುರುಷೋತ್ತಮರನ್ನೂ ಮ್ಜೀ ಎನ್ನುವುದನ್ನು ಕೇಳುವರು, ಇಳಿದು ಬರುವರು. ತಮ್ಮ ಡಬ್ಬಿ ತೆರೆದರೆ ಅಂದಿನ ಸಾಲು ಖಾಲಿ.

"ನೀನೂ ಏನಾದ್ರೂ ಕರೀಬಾರದಾ?" ಎಂದು ಒಂದು ಸಂಜೆ ಹೆಂಡತಿಯನ್ನು ಕೇಳಿದರು.

"ಪೊಲೀಸ್ರಿಗೆ ಕೋಡುಬಳೆ ಕಾಂಪಿಟಿಷನ್ ಇಡಕ್ಕೆ ನಾನು ನೈರೋಬಿಗೆ ಬಂದಿಲ್ಲ," ಎಂದರು ಚಂಪಾ. "ಜೀಪು ಕೆಳಗಡೆ ಬರ್ತಿಲ್ಲ ಅಂತ ಸ್ಟೇಷನ್‌ಗೆ ಹೇಳಿ. ಇಲ್ಲ ಪುರುಷೋತ್ತಮ್‌ಗೆ ಹೇಳಿ. ಅದಕ್ಕೇ ಅಲ್ವಾ ಅವರನ್ನ ಅಲ್ಲಿ ಕೂರಿಸಿರೋದು?"

ಹೇಳುವುದು ಸುಲಭವಿತ್ತು. ಆದರೆ ಅವರ ಗೇಟಿಗೆ ಬರುತ್ತಾರೆ, ನನ್ನ ಗೇಟಿಗೆ ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದಂತಾಗುತ್ತಿತ್ತು. ಅದನ್ನು ಪುರುಷೋತ್ತಮರ ಬಳಿಯೇ ಹೋಗಿ ಹೇಳುವುದಂತೂ ಸದಾಶಿವರಿಂದ ಆಗದ ಮಾತು. ಸುಮ್ಮನಿದ್ದರು.

ಏಪ್ರಿಲ್ ಹದಿನಾಲ್ಕರ ಸಂಜೆ ಐದೂವರೆಗೆ, ಚಂಪಾರ ಮನೆಯಲ್ಲಿ ಒಂಬತ್ತು ವರ್ಷದಿಂದ ಅಡುಗೆಗೆ ನೆರವಾಗುತ್ತಿದ್ದ ನೆಕೇಸಾ ಎಂಬಾಕೆ ಕೆಲಸ ಮುಗಿಸಿ ಕಾಲುದಾರಿಗೆ ಇಳಿದಳು. ಇಬ್ಬರು ಅವಳನ್ನು ಅಡ್ಡಗಟ್ಟಿ, ಚೀಲ ಮತ್ತು ಫೋನು ಕಿತ್ತುಕೊಂಡು, ಕೆಸರಿಗೆ ತಳ್ಳಿ ಓಡಿದರು. ಎಡ ಮಣಿಕಟ್ಟು ಮುರಿಯಿತು. ಸದಾಶಿವರೇ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು, ಕಟ್ಟು ಹಾಕಿಸಿ ಅವಳ ಮನೆಯವರೆಗೂ ಬಿಟ್ಟು ಬಂದರು. ಇದನ್ನು ಕತೆಗಾರರು ಯಾರೂ ಬಿಡುವುದಿಲ್ಲ, ಬಿಡಬಾರದು ಕೂಡ.

ತಿಂಗಳ ಕೊನೆಗೆ ಪ್ರಕಟಣೆ ಹೊರಟಿತು. ಮೇ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಹತ್ತಕ್ಕೆ, ಚರ್ಚಿನ ಸಭಾಂಗಣದಲ್ಲಿ ಕೌಂಟಿ ಸಮಿತಿಯ ಬರಾಜಾ, ಅಂದರೆ ಬಹಿರಂಗ ಸಭೆ. ಜೀಪಿನ ಇಂಧನ ಮುಂದುವರಿಸಬೇಕೇ, ಕಾಲುದಾರಿಗೆ ದೀಪ ಹಾಕಿಸಬೇಕೇ ಎಂಬುದು ಅಲ್ಲಿ ತೀರ್ಮಾನವಾಗಲಿತ್ತು. ಗಸ್ತಿನ ಪುಸ್ತಕಗಳನ್ನು ತರಬೇಕು ಎಂದೂ ಬರೆದಿತ್ತು.

ಶುಕ್ರವಾರ ಸದಾಶಿವರು ಪುಸ್ತಕ ಬಿಡಿಸಿ ಎಣಿಸಿದರು. ಏಪ್ರಿಲ್‌ನ ಮೂವತ್ತು ಸಾಲುಗಳಲ್ಲಿ ಇಪ್ಪತ್ತಾರು ಖಾಲಿ. ಮೇಲಿನ ಪುಸ್ತಕ ತುಂಬಿರುತ್ತದೆ, ಎರಡನ್ನೂ ಪಕ್ಕಪಕ್ಕ ಇಡುತ್ತಾರೆ, ಇಡೀ ಲೊರೆಶೋ ನೋಡುತ್ತದೆ. ಅವರು ಕಾರು ತೆಗೆದುಕೊಂಡು ಮೇಲಕ್ಕೆ ಹೋಗಿ, ತಿರುವಿನಲ್ಲಿ ಜೀಪನ್ನು ನಿಲ್ಲಿಸಿದರು.

"ಮೆಲ್ವಿನ್, ಈ ಸಾಲುಗಳು ಖಾಲಿ ಇವೆ."

ಮೆಲ್ವಿನ್ ಬೈಗುಳಕ್ಕೆ ಸಿದ್ಧನಾಗಿ ತಲೆತಗ್ಗಿಸಿದನು. "ಪೋಲೆ, ಮ್ಜೀ, ಕ್ಷಮಿಸಿ. ಮಳೆ. ಮೇಲೆ ಹೇಗೂ ಒಂದು ಪುಸ್ತಕ ಇತ್ತು."

"ನಾಳೆ ಖಾಲಿ ಇರಬಾರದು."

ಮೆಲ್ವಿನ್‌ಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದಾಗ ಅವನ ಮುಖ ಅರಳಿತು. "ಪೆನ್ನು ಕೊಡಿ, ಮ್ಜೀ."

ಜೀಪಿನ ಸೀಟಿನ ಮೇಲೆ ಪುಸ್ತಕವಿಟ್ಟು ಅವನು ಸಹಿ ಹಾಕುತ್ತ ಹೋದನು. ಸದಾಶಿವರು ವೇಳೆ ಹೇಳುತ್ತ ಹೋದರು. ಐದು ಹತ್ತು, ಐದು ಇಪ್ಪತ್ತು, ಐದಕ್ಕೆ ಐದು ಕಡಿಮೆ. ಸಂಶಯ ಬಾರದಂತೆ ನಿಮಿಷಗಳನ್ನು ಬದಲಿಸುವ ಎಚ್ಚರವೂ ಅವರಿಗಿತ್ತು. ಬಿಟ್ಟುಹೋದ ತಾಪಮಾನದ ಪಟ್ಟಿಯನ್ನು ಆಮೇಲೆ ತುಂಬಿಸಿದನೆಂದು ಇದೇ ಜನವರಿಯಲ್ಲಿ ಒಬ್ಬ ಕೆಮಿಸ್ಟನನ್ನು ಕಾರ್ಖಾನೆಯ ಕೆಲಸದಿಂದ ತೆಗೆದವರೂ ಅವರೇ. ಹದಿನಾಲ್ಕರ ಸಾಲು ಬಂದಾಗ "ಐದು ಇಪ್ಪತ್ತೈದು" ಎಂದರು, ಹದಿನೈದಕ್ಕೆ ಹೋದರು.

ಇಲ್ಲಿ ಕೇಳುವವರು ತಡೆಯುತ್ತಾರೆ: ಆ ತಾರೀಖು ಅವರಿಗೆ ನೆನಪಾಗಲಿಲ್ಲವೇ ಎಂದು. ನೆನಪಾಯಿತು ಎನ್ನುವವರಿದ್ದಾರೆ. ಚಂಪಾ ಹೇಳುವ ಪಾಠದಲ್ಲಿ ನೆನಪಾಗುವುದಿಲ್ಲ. ಆಗ ಅವರ ಕಣ್ಣಮುಂದೆ ಇದ್ದುದು ಪುರುಷೋತ್ತಮರ ತುಂಬಿದ ಪುಟವೊಂದೇ.

ಶನಿವಾರ ಸಭಾಂಗಣ ತುಂಬಿತು. ವೇದಿಕೆಯ ಮೇಲೆ ಸಮಿತಿಯ ಅಧ್ಯಕ್ಷೆ, ಅವರ ಪಕ್ಕದಲ್ಲಿ ಕತ್ತಿನಲ್ಲಿ ಗುರುತಿನ ಪಟ್ಟಿ ಧರಿಸಿದ ಪುರುಷೋತ್ತಮರು. ಸದಾಶಿವರು ಐದನೆಯ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಆ ಪಟ್ಟಿಯನ್ನೇ ನೋಡುತ್ತಿದ್ದರು. ಎರಡು ಪುಸ್ತಕಗಳೂ ಮೇಜಿನ ಮೇಲಿದ್ದವು. ಎರಡೂ ತುಂಬಿದ್ದವು. ಒಂದು ಗಳಿಗೆ ಅವರಿಗೆ ಸಮಾಧಾನವಾಯಿತು.

ಮೊದಲು ಮಾತಾಡಲು ಕರೆದದ್ದು ನೆಕೇಸಾಳನ್ನು. ಅವಳು ಕಟ್ಟು ಹಾಕಿದ ಕೈಯನ್ನು ಎದೆಗೊತ್ತಿಕೊಂಡು ಎದ್ದು, ನಡೆದುದನ್ನು ಹೇಳಿದಳು. "ಆ ತಿಂಗಳು ಕೆಳಗೆ ಜೀಪು ಬಂದದ್ದೇ ಅಪರೂಪ, ಆ ದಿನ ಬರಲೇ ಇಲ್ಲ. ಬಂದಿದ್ದರೆ ಅವರು ಅಲ್ಲಿ ನಿಂತಿರುತ್ತಿರಲಿಲ್ಲ. ನಾವು ಆ ದಾರಿಯಲ್ಲಿ ದಿನಾ ನಡೆಯುವವರು. ದೀಪ ಬೇಕು, ಜೀಪೂ ಬೇಕು."

ಠಾಣೆಯ ಇನ್‌ಸ್ಪೆಕ್ಟರು ಶಾಂತವಾಗಿ ಎದ್ದರು. "ತಂಗಿಯ ನೋವು ನನಗೆ ಅರ್ಥವಾಗುತ್ತದೆ. ಆದರೆ ಏಪ್ರಿಲ್ ಹದಿನಾಲ್ಕರ ಐದು ಇಪ್ಪತ್ತೈದಕ್ಕೆ ನಮ್ಮ ಜೀಪು ಕೆಳಗೇ ಇತ್ತು. ಬರೆದಿರುವುದು ನಮ್ಮ ಪುಸ್ತಕದಲ್ಲಲ್ಲ, ನಿಮ್ಮ ಮ್ಜೀಯ ಪುಸ್ತಕದಲ್ಲಿ."

ಅಧ್ಯಕ್ಷೆ ಪುಟ ನೋಡಿ ತಲೆಯಾಡಿಸಿದರು. ಇಡೀ ತಿಂಗಳು ಜೀಪು ಬಂದಿದೆ. ಹಾಗಾದರೆ ದೂರು ನಿಲ್ಲುವುದಿಲ್ಲ, ದೀಪಗಳನ್ನು ಹೆಚ್ಚು ಅಗತ್ಯವಿರುವ ಬೇರೆ ಕಡೆಗೆ ಕೊಡಬಹುದು ಎಂದು ಬರೆಯಿಸಲು ಹೊರಟರು.

ನೆಕೇಸಾ ತಿರುಗಿ ಸದಾಶಿವರನ್ನು ನೋಡಿದಳು. ಆ ನೋಟದಲ್ಲಿ ಆಪಾದನೆ ಇರಲಿಲ್ಲ. "ಮ್ಜೀ ಪುಸ್ತಕದಲ್ಲಿ ಇದ್ದರೆ ಬಂದಿರಬೇಕು," ಎಂದಳು ನಿಧಾನವಾಗಿ. "ಒಂಬತ್ತು ವರ್ಷದಿಂದ ನೋಡಿದ್ದೇನೆ, ಅವರು ಸುಳ್ಳು ಬರೆಯುವವರಲ್ಲ. ನನಗೇ ತಪ್ಪಿರಬೇಕು." ಹಾಗೆಂದು ಕೂತುಬಿಟ್ಟಳು.

ಪುರುಷೋತ್ತಮರ ತುಂಬಿದ ಪುಸ್ತಕವೂ ಇಂಥ ನಂಬಿಕೆಯ ಮಾತನ್ನು ಗಳಿಸಿರಲಿಲ್ಲ. ಅದು ಸದಾಶಿವರೊಬ್ಬರ ಸೊತ್ತು. ಕೈಗೆ ಬಂದದ್ದೇ ಅದು ಅವರನ್ನು ಸುಟ್ಟಿತು. ಎದ್ದು ನಿಂತರು.

"ಮೇಡಂ, ಆ ಪುಟ ಮುಟ್ಟಿ ನೋಡಿ."

ಅಧ್ಯಕ್ಷೆ ತಲೆಯೆತ್ತಿದರು.

"ಮಾರ್ಚ್ ಕೊನೆಯ ಪುಟ ಮುಟ್ಟಿ. ಊದಿಕೊಂಡಿದೆ, ಕಲೆಯಿದೆ, ಮಳೆಯಲ್ಲಿ ನಿಂತು ಬರೆದದ್ದು. ಏಪ್ರಿಲ್ ಪೂರ್ತಿ ಮಳೆ ಹೊಯ್ದಿದೆ, ಪುಟ ಗರಿಗರಿಯಾಗಿದೆ. ಇಪ್ಪತ್ತಾರು ಸಹಿ, ಒಂದೇ ಶಾಯಿ, ಒಂದೇ ಒತ್ತು. ನನ್ನ ಫ್ಯಾಕ್ಟರಿಯಲ್ಲಿ ಇಂಥ ಪುಟ ಕಂಡರೆ ಆ ಬ್ಯಾಚನ್ನು ನಾನು ಹೊರಗೆ ಬಿಡುವುದಿಲ್ಲ." ಅವರ ಧ್ವನಿ ಕಾರ್ಖಾನೆಯ ಸಭೆಯಲ್ಲಿರುವಂತೆಯೇ ಇತ್ತು. "ನಿನ್ನೆ ನಾನೇ ಬರೆಯಿಸಿದ್ದು. ಮೆಲ್ವಿನ್‌ಗೆ ಹೇಳಿದವನು ನಾನು. ನೆಕೇಸಾ ಹೇಳಿದ್ದು ನಿಜ."

"ಯಾಕೆ ಬರೆಯಿಸಿದಿರಿ?" ಎಂದರು ಅಧ್ಯಕ್ಷೆ.

ಸದಾಶಿವರು ವೇದಿಕೆಯತ್ತ ನೋಡಿದರು. "ಅವರ ಪುಸ್ತಕ ತುಂಬಿತ್ತು," ಎಂದರು.

ಯಾರೂ ನಗಲಿಲ್ಲ. ಪುರುಷೋತ್ತಮರು ಕುರ್ಚಿ ಬಿಟ್ಟು ಮುಂದೆ ಬಂದರು. "ನನ್ನ ತಪ್ಪೂ ಇದೆ. ಡಬ್ಬಿ ಮೇಲೆ ಹಾಕಿದ್ದರಿಂದಲೇ ಜೀಪು ಕೆಳಗೆ ಇಳಿಯಲಿಲ್ಲ. ಸದಾಶಿವರು ಕೊನೆಯ ಮನೆಯಲ್ಲಿ ಯಾಕೆ ಹಾಕಿದ್ದರು ಅಂತ ನಾನು ಕೇಳಬೇಕಿತ್ತು. ಇವತ್ತೇ ನನ್ನ ಡಬ್ಬಿ ತೆಗೀತೀನಿ." ಸಭೆ ಚಪ್ಪಾಳೆ ತಟ್ಟಿತು. ನಿಂತೇ ಇದ್ದ ಸದಾಶಿವರಿಗೆ, ತಪ್ಪೊಪ್ಪಿಕೊಂಡದ್ದು ತಾವು, ಚಪ್ಪಾಳೆ ಹೋದದ್ದು ಅವರಿಗೆ ಎಂಬುದು ಸ್ಪಷ್ಟವಾಗಿ ಕೇಳಿಸಿತು. ಆ ಹೊತ್ತಿನಲ್ಲೂ ಅದು ಚುಚ್ಚಿತು.

ಹೊರಗೆ ಚಂಪಾ ಕಾರಿನ ಬಳಿ ಕಾಯುತ್ತಿದ್ದರು. "ಇವತ್ತು ಮುಖ ಹಾಗಲಕಾಯಿ ಥರ ಇಲ್ಲ," ಎಂದಷ್ಟೇ ಹೇಳಿ ಬಾಗಿಲು ತೆರೆದರು.

ಸಮಿತಿಯ ಆದೇಶ ಎರಡು ವಾರಕ್ಕೆ ಬಂದಿತು. ಸಹಿಯಿದ್ದ ದಿನಕ್ಕಷ್ಟೇ ಇಂಧನ. ಕಾಲುದಾರಿಗೆ ನಾಲ್ಕು ದೀಪ. ಮೆಲ್ವಿನ್‌ಗೆ ಎಚ್ಚರಿಕೆಯ ಪತ್ರ. ಇನ್ನು ಮುಂದೆ ಡಬ್ಬಿ ಯಾರ ಗೇಟಿಗೂ ಇರಬಾರದು, ಕಾಲುದಾರಿಯ ಬಾಯಿಯ ಕಂಬಕ್ಕೆ ಇರಬೇಕು. ಬೀಗದ ಕೈ ಆ ದಾರಿಯಲ್ಲಿ ನಡೆಯುವವರು ಆರಿಸಿದವರ ಬಳಿ. ಅವರು ನೆಕೇಸಾಳನ್ನು ಆರಿಸಿದರು.

ಹಳೆಯ ಡಬ್ಬಿಯನ್ನೇ ಕಂಬಕ್ಕೆ ಹಾಕಿದರೆಂದು ಒಂದು ಪಾಠ, ಪುರುಷೋತ್ತಮರ ಸ್ಟೀಲಿನದನ್ನು ಹಾಕಿದರೆಂದು ಇನ್ನೊಂದು. ಮುಂದಿನದರಲ್ಲಿ ಭೇದವಿಲ್ಲ. ಸಂಜೆ ಐದಕ್ಕೆ ಸದಾಶಿವರು ಈಗಲೂ ವರಾಂಡಕ್ಕೆ ಬರುತ್ತಾರೆ. ಜೀಪು ಅವರ ಗೇಟನ್ನು ದಾಟಿ ಕಂಬದ ಬಳಿ ನಿಲ್ಲುತ್ತದೆ. ನೆಕೇಸಾ ಕೊರಳಿನ ದಾರದಿಂದ ಬೀಗದ ಕೈ ತೆಗೆದು ಡಬ್ಬಿ ತೆರೆಯುತ್ತಾಳೆ. ಗಡಿಯಾರ ನೋಡಿ ವೇಳೆ ಹೇಳುತ್ತಾಳೆ. ಮೆಲ್ವಿನ್ ಅವಳು ಹೇಳಿದ್ದನ್ನೇ ಬರೆಯುತ್ತಾನೆ, ಹೊರಡುವಾಗ ಟೊಪ್ಪಿಗೆಗೆ ಕೈಮುಟ್ಟಿಸಿ ಅವಳನ್ನು ಮಮಾ, ಅಂದರೆ ಅಮ್ಮ, ಎನ್ನುತ್ತಾನೆ.

ಒಂದು ಸಂಜೆ ಸದಾಶಿವರು ತಡೆಯಲಾರದೆ ಗೇಟು ತೆರೆದು ಹೋದರು. ಜೇಬಿನಲ್ಲಿ ಪೆನ್ನಿತ್ತು.

"ಪೆನ್ನು ಬೇಕಾ, ನೆಕೇಸಾ?"

"ಅಸಾಂಟೆ, ಮ್ಜೀ," ಎಂದು ಧನ್ಯವಾದ ಹೇಳಿದಳು ಅವಳು, ಪುಸ್ತಕದಿಂದ ಕಣ್ಣೆತ್ತದೆ. "ನಂದು ಇದೆ."