ಅಸರ್ ಹೊತ್ತಿನ ಸಮೀಕ್ಷೆ

ಭಕ್ತಿಯನ್ನು ಅಳೆಯಲು ಐದು ಅಂಕದ ಅಳತೆಗೋಲು ಸಾಕು ಎಂಬುದರಲ್ಲಿ ಮೈತ್ರೇಯಿಗೆ ಸಂಶಯವಿರಲಿಲ್ಲ. ವುಡ್‌ಲ್ಯಾಂಡ್ಸ್ ಬಡಾವಣೆಯ ಮಸೀದಿಯೊಂದರ ವಾರಾಂತ್ಯದ ತರಗತಿಗೆ ಬರುವ ಹದಿಹರೆಯದವರು ಧರ್ಮವನ್ನು ಎಷ್ಟು ಹಚ್ಚಿಕೊಂಡಿದ್ದಾರೆ ಎಂಬುದೇ ಅವಳ ಪಿಎಚ್.ಡಿ. ವಿಷಯ. ಪ್ರಬಂಧ ಸಲ್ಲಿಸಲು ಸೋಮವಾರ ಕಡೆಯ ದಿನ. ಅದಕ್ಕೆ ಮುಂಚೆ ಫಲಿತಾಂಶವನ್ನು ತಂದೆತಾಯಿಯರಿಗೆ ತೋರಿಸುವುದಾಗಿ ಅಲ್ಲಿನ ಶಿಕ್ಷಕಿ ಉಸ್ತಾಜಾ ರೊಹಾಯಾಗೆ ಮಾತು ಕೊಟ್ಟಿದ್ದಳು.

ಮಸೀದಿಯ ಸಭಾಂಗಣದಲ್ಲಿ ಸೇರಿದ್ದ ತಂದೆತಾಯಿ, ಮಕ್ಕಳ ಮುಂದೆ ತೆರೆಯ ಮೇಲೆ ನಕ್ಷೆಯ ಕಂಬಗಳು ಮೂಡಿದವು. ಹೊತ್ತಿಗೆ ಸರಿಯಾಗಿ ನಮಾಜು ಮಾಡುವವರದು ಕಂಬವೇ ಅಲ್ಲ, ಬರೀ ಗೆರೆ.

ಒಬ್ಬ ತಂದೆ ಮಗನತ್ತ ತಿರುಗಿದ ರೀತಿ ನೋಡಿದರೆ ಹುಡುಗನ ಫೋನಿಗೆ ಇನ್ನು ಉಳಿಗಾಲವಿರಲಿಲ್ಲ.

"ಇಷ್ಟು ವರ್ಷ ನಾನು ಕಲಿಸಿದ್ದು ಇದೇನಾ?" ರೊಹಾಯಾ ಕುರ್ಚಿಯ ತೋಳು ಹಿಡಿದುಕೊಂಡರು.

"ಡೇಟಾ ಅದನ್ನೇ ಹೇಳ್ತಿದೆ, ಉಸ್ತಾಜಾ," ಎಂದಳು ಮೈತ್ರೇಯಿ, ಡಾಕ್ಟರರ ದನಿಯಲ್ಲಿ.

ಹಿಂದಿನ ಸಾಲಿನಲ್ಲಿ ಇನ್ಶಿರಾ ಎಂಬ ಹುಡುಗಿ ಕೈಯೆತ್ತಿದಳು. "ಮಿಸ್, ನಮ್ಮ ಪೇಪರ್ ಎಲ್ಲಿ? ಅವತ್ತು ಸರ್ವೆ ತುಂಬ್ತಿದ್ದಾಗ ಮಧ್ಯದಲ್ಲಿ ಅಸರ್ ನಮಾಜಿನ ಟೈಮ್ ಆಯ್ತಲ್ಲ, ನಾವು ತುಂಬ ಜನ ಮೇಲೆ ಹೋದ್ವಿ. ವಾಪಸ್ ಬರೋಷ್ಟರಲ್ಲಿ ನೀವು ಪೇಪರ್ ಎತ್ಕೊಂಡ್ಬಿಟ್ಟಿದ್ರಿ!"

ನಿಜ. ಮೈತ್ರೇಯಿ ಮೈಸೂರಿನ ಪರೀಕ್ಷಾ ಕೊಠಡಿಗಳಲ್ಲಿ ಬೆಳೆದವಳು. ಹೊತ್ತು ಮುಗಿದ ಮೇಲೂ ಪೆನ್ನು ಆಡಿಸುವುದು ಅವಳ ಲೆಕ್ಕದಲ್ಲಿ ಕಳ್ಳತನ.

ಲ್ಯಾಪ್‌ಟಾಪ್ ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪನ ಮಗ ವಿಭವ್‌ನತ್ತ ಬಗ್ಗಿ ಅವಳು ಕನ್ನಡಕ್ಕೆ ಇಳಿದಳು. "ಅರ್ಧಂಬರ್ಧ ತುಂಬಿದ್ದ ಪೇಪರ್ ಏನ್ ಮಾಡ್ದೋ?"

"ಇನ್‌ಕಂಪ್ಲೀಟ್ ಇದ್ರೆ ಡಿಲೀಟ್ ಮಾಡು ಅಂತ ನೀನೇ ಅಲ್ವಾ ಅಕ್ಕ ಹೇಳಿದ್ದು."

"ಅಯ್ಯೋ... ಎಲ್ಲಾನೂ?"

"ನೀಟಾಗಿ."

ಮೈತ್ರೇಯಿ ತೆರೆಯ ಮೇಲಿನ ಗೆರೆಯತ್ತ ತಿರುಗಿದಳು. ನಮಾಜಿಗೆ ಎದ್ದು ಹೋದವರನ್ನೆಲ್ಲ ಕಿತ್ತುಹಾಕಿ, ಏಸಿಯಡಿ ಕೂತವರನ್ನಷ್ಟೇ ಎಣಿಸಿ, ಈ ಮಕ್ಕಳು ನಮಾಜು ಮಾಡುವುದಿಲ್ಲ ಎಂದು ಅವಳು ಸಾಧಿಸಿದ್ದಳು. ಅದೂ ಮಸೀದಿಯೊಳಗೆ ನಿಂತು, ಅವರ ಅಪ್ಪ ಅಮ್ಮಂದಿರ ಮುಂದೆ.

"ತಪ್ಪು ಮಕ್ಕಳದಲ್ಲ, ನನ್ನದು," ಎಂದು ನಡೆದದ್ದನ್ನು ಹೇಳಿದಳು.

"ಹಾಗಾದ್ರೆ ಸೋಮವಾರ?" ರೊಹಾಯಾ ಕೇಳಿದರು.

"ಸೋಮವಾರ ಕೊಡಲ್ಲ. ಮತ್ತೆ ಮೊದಲಿಂದ ಮಾಡ್ತೀನಿ."

ಹೊರಗಿನ ಬೀದಿಗೆ ಕೇಳದಷ್ಟು ಮೆಲ್ಲಗೆ, ಒಳಗಿನ ಸ್ಪೀಕರಿನಲ್ಲಿ ಅಸರ್‌ನ ಬಾಂಗು ಶುರುವಾಯಿತು. ಕುರ್ಚಿಗಳು ಸರಿದವು. ಫೋನಿನ ಹುಡುಗ ಎಲ್ಲರಿಗಿಂತ ಮುಂದೆ ಓಡಿದ.

"ಮಿಸ್, ಈ ಸಲ ಕಾಯಿರಿ," ಎಂದಳು ಇನ್ಶಿರಾ ಬಾಗಿಲಿಂದ.

ಸಭಾಂಗಣ ಬರಿದಾಯಿತು. ವಿಭವ್ ಮೆಲ್ಲಗೆ ಕೇಳಿದ: "ಅಕ್ಕ, ಈಗ ಹೋದವ್ರನ್ನ ಎಣಿಸ್ಲಾ?"

"ಸುಮ್ನೆ ಕೂತ್ಕೊಳೋ."