ಕೊಸಿಮೊನ ಎಡಗೈ ಗವಸು

ಕಾಗದ ಬಂದಾಗ ತಿಲಿಯೊ ಹೊಲದಿಂದ ಆಗಷ್ಟೇ ಬಂದು, ಮೆಟ್ಟಿಲ ಮೇಲೆ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದ. ಬರೆದವಳು ದೂರದ ತಾರಾಂತೊ ಊರಿನ ನುನ್ಜಿಯಾ. ಹೋದ ಜೂನಿನಲ್ಲಿ ವಾಯುಪಡೆಯ ವಿಮಾನ ಕಸರತ್ತಿನ ತಂಡ ಅಭ್ಯಾಸ ನಡೆಸುವಾಗ ಇವನ ಮುಸುಕಿನ ಜೋಳದ ಹೊಲಕ್ಕೆ ವಿಮಾನ ಬಿದ್ದು ಸತ್ತ ಪೈಲಟ್ ಕೊಸಿಮೊನ ತಾಯಿ ಅವಳು. ವರ್ಷದ ದಿನ ಅಲ್ಲಿ ನೆನಪಿನ ಕಲ್ಲು ನಿಲ್ಲಿಸುವಾಗ ತಾನೂ ಬರುವುದಾಗಿ ಬರೆದು, ಕೊನೆಗೆ ಒಂದು ಮಾತು ಕೇಳಿದ್ದಳು. ಮಗನ ಸಾಮಾನನ್ನೆಲ್ಲ ತನಿಖೆಯವರು ಕಳಿಸಿಕೊಟ್ಟಿದ್ದರು. ಎಡಗೈಯ ಗವಸು ಮಾತ್ರ ಬಂದಿರಲಿಲ್ಲ. ಹೆಬ್ಬೆರಳ ಹತ್ತಿರ ಹರಿದದ್ದನ್ನು ಅವಳೇ ನೀಲಿ ದಾರದಲ್ಲಿ ಹೊಲಿದಿದ್ದಳು. ಹೊಸದು ಕೊಟ್ಟರೂ ಅವನು ಅದನ್ನೇ ಹಾಕುತ್ತಿದ್ದನಂತೆ. ಶವಪೆಟ್ಟಿಗೆಯ ಮುಚ್ಚಳ ತೆಗೆದು ಮುಖ ನೋಡಲೂ ಅವಳಿಗೆ ಬಿಟ್ಟಿರಲಿಲ್ಲ. ನಿಮ್ಮ ಹೊಲದಲ್ಲಿ ಆ ಗವಸು ಸಿಕ್ಕಿತೆ ಎಂದು ಕೇಳಿದ್ದಳು.

ಸಿಕ್ಕಿತ್ತು. ಎಲ್ಲಿದೆಯೆಂದೂ ತಿಲಿಯೊಗೆ ಗೊತ್ತಿತ್ತು.

ಆ ದಿನ ಬೆಂಕಿ ಪಕ್ಕದ ಬಾರ್ಲಿಗೆ ಹತ್ತದಿರಲೆಂದು ಅವನು ಟ್ರ್ಯಾಕ್ಟರ್ ತಂದು ನಡುವೆ ನೆಲ ಉಳುತ್ತಿದ್ದ. ಅಷ್ಟರಲ್ಲಿ ಊರಂಚಿನ ವಿಮಾನ ನೆಲೆಯ ಬೇಲಿಯ ಹತ್ತಿರ ದಿನವೂ ನಿಂತು ನೋಡುವ ಜನ ಹೊಲಕ್ಕೆ ನುಗ್ಗಿದ್ದರು. ಒಬ್ಬ ಬಣ್ಣದ ತಗಡನ್ನು ಸೈಕಲ್ ಬುಟ್ಟಿಗೆ ಹಾಕಿಕೊಂಡ, ಇನ್ನೊಬ್ಬ ತಿರುಪುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡ. ಇನ್ನೂ ಹೊಗೆಯಾಡುತ್ತಿತ್ತು. ಗವಸು ಎತ್ತಿಕೊಂಡವನು ತಿಲಿಯೊನ ತಂಗಿ ದಿರ್ಚೆಯ ಗಂಡ ಎರ್ಮೆಸ್. ಊರಿನ ವೈನಂಗಡಿ ಅವನದೇ. ಅದರ ಹಿಂದಿನ ಕೋಣೆಯಲ್ಲಿ ಕಸರತ್ತಿನ ತಂಡದ ಅಭಿಮಾನಿಗಳ ಸಂಘ ಸೇರುತ್ತಿತ್ತು.

ಆ ಕೋಣೆಯಲ್ಲೇ, ಗಾಜಿನ ಪೆಟ್ಟಿಗೆಯ ಕೆಂಪು ಮಖಮಲ್ಲಿನ ಮೇಲೆ ಗವಸು ಮಲಗಿತ್ತು. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ನಂಬಿಕೆಯವರು ಬಂದರೆ ಮಾತ್ರ ಎರ್ಮೆಸ್ ಬೀಗ ತೆಗೆಯುತ್ತಿದ್ದ. ಸಲಾಮಿ ಮಾಂಸ ತಿಂದ ಜಿಡ್ಡು ಬೆರಳುಗಳಲ್ಲಿ ಒಬ್ಬೊಬ್ಬರಾಗಿ ಮುಟ್ಟುತ್ತಿದ್ದರು. ಹೋದ ಸುಗ್ಗಿಯಲ್ಲಿ ಒಬ್ಬ ಅದರೊಳಗೆ ಕೈ ತೂರಿಸಿ, ತನಗೆ ಸರಿಯಾಗಿದೆಯೆಂದು ಎಲ್ಲರಿಗೂ ತೋರಿಸಿದ್ದನ್ನು ತಿಲಿಯೊ ಕಣ್ಣಾರೆ ಕಂಡಿದ್ದ. ಆದರೂ ತಂಗಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡು ಬಂದಿದ್ದ. ಈಗ ಕಾಗದ ಹಿಡಿದು ಕೂತಾಗ ಆ ಜಿಡ್ಡಿಗಿಂತ ತನ್ನ ಮೌನವೇ ಹೆಚ್ಚು ಹೇಸಿಗೆಯೆನಿಸಿತು.

ಕಾಗದವನ್ನು ಎರ್ಮೆಸ್‌ಗೆ ಒಯ್ದು ತೋರಿಸಿದ. ಎರ್ಮೆಸ್ ಲೋಟ ಒರೆಸುತ್ತಲೇ ಓದಿದ.

"ಸಿಗಲಿಲ್ಲ ಅಂತ ಬರಿ, ಭಾವ."

"ಹೆತ್ತವಳು ಕಣೋ."

"ಹೆತ್ತಿದ್ದು ಅವಳೇ, ಇಲ್ಲ ಅಂದೋರ್ಯಾರು? ಅವನು ಹಾರೋದನ್ನ ವರ್ಷಕ್ಕೆ ಎಷ್ಟು ಸಲ ಬಂದು ನೋಡ್ತಿದ್ಲು? ನಾವು ದಿನಾ ನಿಂತು ನೋಡಿದೋರು. ನೀನು ಒಂದಿನ ತಲೆ ಎತ್ತಿ ನೋಡಿದೀಯಾ? ನಿಂಗೆ ನಿನ್ನ ಹಸುಗಳು ಬೆದರ್ತವೆ ಅನ್ನೋದೊಂದೇ ಚಿಂತೆ."

ಆಕೆಯನ್ನು ಬರಿಗೈಲಿ ಕಳಿಸುವುದಿಲ್ಲ, ಸಂಘದವರೆಲ್ಲ ಸೇರಿ ಉಡುಗೊರೆ ಮಾಡಿಸುತ್ತಿದ್ದೇವೆ ಎಂದೂ ಹೇಳಿದ.

ವರ್ಷದ ದಿನ ಹೊಲದಂಚಿನಲ್ಲಿ ಕಲ್ಲು ನಿಂತಿತು. ಪಾದ್ರಿ ನೀರು ಚಿಮುಕಿಸಿದ. ವಿಮಾನಗಳು ಒಂದರ ಜಾಗ ಖಾಲಿ ಬಿಟ್ಟು ಬಣ್ಣದ ಹೊಗೆ ಎಳೆಯುತ್ತ ಹಾದುಹೋದವು. ಜನ ಚಪ್ಪಾಳೆ ತಟ್ಟಿದರು. ಕಪ್ಪು ಬಟ್ಟೆ ತೊಟ್ಟ ಸಣ್ಣ ದೇಹದ ನುನ್ಜಿಯಾ ಮೇಲೆ ನೋಡಲಿಲ್ಲ, ಜೋಳದ ಸಾಲನ್ನೇ ನೋಡುತ್ತಿದ್ದಳು. ಆಗ ಎರ್ಮೆಸ್ ಮುಂದೆ ಬಂದು ಉಡುಗೊರೆಯನ್ನು ಅವಳ ಕೈಗಿಟ್ಟ. ಅಕ್ರೋಟು ಮರದ ಹಲಗೆಗೆ ಕೂರಿಸಿದ, ಥಳಥಳ ಹೊಳೆಯುವ ಒಂದು ತುಂಡು ತಗಡು.

ಇದು ಯಾವ ಭಾಗ ಎಂದು ಅವಳು ಕೇಳಿದಳು.

"ಅವನು ಕೂರ್ತಿದ್ದ ಜಾಗದ ಪಕ್ಕದ್ದೇ ಅಮ್ಮಾ," ಎಂದ ಎರ್ಮೆಸ್, ಹೆಮ್ಮೆಯಿಂದ. "ಎರಡು ದಿನ ಕೂತು ಉಜ್ಜಿದೀವಿ. ಈಗ ಏನೂ ಅಂಟಿಲ್ಲ."

ಯಾರೋ ಮತ್ತೆ ಚಪ್ಪಾಳೆ ತಟ್ಟಿದರು.

ತಿಲಿಯೊ ನುನ್ಜಿಯಾಳನ್ನು ಕರೆದೊಯ್ದು ತನ್ನ ಅಂಗಳದಲ್ಲಿ ಕೂರಿಸಿ, ಸೀದಾ ವೈನಂಗಡಿಗೆ ನಡೆದ. ದಿರ್ಚೆ ಒಬ್ಬಳೇ ಸಮಾರಂಭದ ಊಟಕ್ಕೆಂದು ಜೋಳದ ಹಿಟ್ಟಿನ ಪೊಲೆಂಟಾ ತೊಳಸುತ್ತಿದ್ದಳು. ಪೆಟ್ಟಿಗೆಯ ಬೀಗದಕೈ ಕೊಡು ಎಂದ. ಅವಳು ಎಲ್ಲಿದೆಯೆಂದು ಸೌಟಿನಲ್ಲೇ ತೋರಿಸಿ ಮುಖ ತಿರುಗಿಸಿಕೊಂಡಳು.

ನುನ್ಜಿಯಾ ಅವನು ತಂದುಕೊಟ್ಟ ಗವಸನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳು ಮಗುಚಿ ನೋಡಿದಳು. ನೀಲಿ ದಾರವಿತ್ತು. ಆಮೇಲೆ ಮೂಗಿನ ಹತ್ತಿರ ಹಿಡಿದಳು, ಹಿಡಿದಷ್ಟೇ ಬೇಗ ತೆಗೆದಳು. ವೈನು, ಕರಿದ ಚೀಸು, ಊರ ಗಂಡಸರ ಬೆವರು ಎಲ್ಲ ಅದರಲ್ಲಿ ಕೂತಿತ್ತು.

"ಯಾರ್ಯಾರು ಮುಟ್ಟಿದಾರೆ ಇದನ್ನ?"

"ಎಲ್ಲರೂ."

"ನೀವು?"

"ಮುಟ್ಟಲಿಲ್ಲ. ನೋಡಿ ಸುಮ್ಮನಿದ್ದೆ."

ಅವಳು ಅವನನ್ನೊಮ್ಮೆ ನೋಡಿದಳು. ಮುಟ್ಟಿದವರನ್ನು ನೋಡಿದ್ದರೂ ಅದೇ ನೋಟವಿರುತ್ತಿತ್ತೇನೋ. ಆಮೇಲೆ ಸೋಪು ಕೇಳಿದಳು.

ಹಸುಗಳು ನೀರು ಕುಡಿಯುವ ಕಲ್ಲಿನ ತೊಟ್ಟಿಯ ಮುಂದೆ ಅವಳು ಅಂಗಿಯ ತೋಳು ಮೇಲಕ್ಕೆ ಮಡಿಸಿ ನಿಂತಾಗ ಎರ್ಮೆಸ್ ಏದುತ್ತ ಬಂದ. ಖಾಲಿ ಪೆಟ್ಟಿಗೆ ನೋಡಿಕೊಂಡೇ ಬಂದಿದ್ದ.

"ಭಾವ, ಬೇಡ ಅನ್ನು ಅವರಿಗೆ. ಆ ಹೊಗೆಯ ಕಲೆ ಹೋದ್ರೆ ಅದ್ರಲ್ಲಿ ಇನ್ನೇನು ಉಳಿಯುತ್ತೆ?"

ತಿಲಿಯೊ ತೊಟ್ಟಿಯ ನಲ್ಲಿಯನ್ನು ಪೂರಾ ತಿರುಗಿಸಿದ. ನೀರು ಮೊದಲು ಕಪ್ಪಾಗಿ, ಆಮೇಲೆ ಕಂದಾಗಿ ಇಳಿಯಿತು. ನುನ್ಜಿಯಾ ತಲೆ ಎತ್ತಲಿಲ್ಲ. ಇನ್ನೊಂದು ಸಲ ಸೋಪು ಹಚ್ಚಿದಳು.